ಗಳಗಂಡ: ಥೈರಾಯ್ಡ್ ಗ್ರಂಥಿ ಊದಿಕೊಂಡಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡಿಯ ಮುಂದೆ ನಿಂತಾಗ ಕೊರಳಿನ ಬುಡ ತುಸು ಉಬ್ಬಿದಂತೆ ಕಂಡರೆ ಕೆಲವರಿಗೆ ಆ ಕ್ಷಣವೇ ಕ್ಯಾನ್ಸರಿನ ದಿಗಿಲು ಹಿಡಿಯುತ್ತದೆ. ಇನ್ನು ಕೆಲವರು ಮೈ ಬಂದಿದೆ ಅಷ್ಟೇ ಎಂದು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಎರಡೂ ಬೇಡ. ಕೆಳಗಿನ ಉತ್ತರಗಳನ್ನು ಓದುವಾಗ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ: ಗ್ರಂಥಿ ಎಷ್ಟು ದೊಡ್ಡದಾಗಿದೆ ಎಂಬುದು ಒಂದು ಪ್ರಶ್ನೆ, ಅದು ಹೇಗೆ ಕೆಲಸ ಮಾಡುತ್ತಿದೆ ಎಂಬುದು ಬೇರೆಯೇ ಪ್ರಶ್ನೆ. ಗೊಂದಲವೆಲ್ಲ ಹುಟ್ಟುವುದು ಇವೆರಡನ್ನೂ ಒಂದೇ ಎಂದುಕೊಂಡಾಗ.

ಥೈರಾಯ್ಡ್ ಗ್ರಂಥಿ ಇರುವುದೆಲ್ಲಿ? ಅದರ ಕೆಲಸವೇನು?

ಗಂಟಲಿನ ಮುಂದೆ ಗಟ್ಟಿಯಾಗಿ ಕೈಗೆ ಸಿಗುವ ಉಬ್ಬಿನ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಇದೆ. ಎಡಕ್ಕೊಂದು, ಬಲಕ್ಕೊಂದು ಹಾಲೆ, ನಡುವೆ ಅವೆರಡನ್ನೂ ಕೂಡಿಸುವ ಸಣ್ಣ ಪಟ್ಟಿ; ನೋಡಲು ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ. ವಯಸ್ಕರಲ್ಲಿ ಅದರ ತೂಕ ಸುಮಾರು 15ರಿಂದ 25 ಗ್ರಾಂ.

ರಕ್ತದಲ್ಲಿರುವ ಅಯೋಡಿನ್ ಅನ್ನು ಹೀರಿಕೊಂಡು ಹಾರ್ಮೋನು ತಯಾರಿಸುವುದು ಇದರ ಕಸುಬು. ನಾಲ್ಕು ಅಯೋಡಿನ್ ಪರಮಾಣುಗಳಿರುವುದು ಟಿ-4, ಮೂರಿರುವುದು ಟಿ-3. ಹೃದಯದ ಬಡಿತ, ಮೈಯ ಶಾಖ, ಕರುಳಿನ ಚಲನೆ, ಮುಟ್ಟಿನ ಕ್ರಮ, ಕೂದಲು, ಚರ್ಮ, ಮನಸ್ಸಿನ ಚುರುಕು, ಎಲ್ಲವೂ ಈ ಹಾರ್ಮೋನುಗಳ ಹದವನ್ನು ಅವಲಂಬಿಸಿವೆ. ಹುಟ್ಟಲಿರುವ ಮಗುವಿನ ಮಿದುಳು ಬೆಳೆಯುವುದೂ ಇವುಗಳಿಂದಲೇ.

ಗಳಗಂಡ ಎಂದರೆ ಏನು? ಅದೊಂದು ರೋಗವೇ?

‘ಗಳ’ ಎಂದರೆ ಕೊರಳು, ‘ಗಂಡ’ ಎಂದರೆ ಊತ ಅಥವಾ ಗಡ್ಡೆ. ಯಾವ ಕಾರಣದಿಂದಲೇ ಆಗಲಿ, ಥೈರಾಯ್ಡ್ ಗ್ರಂಥಿ ತನ್ನ ಸಹಜ ಗಾತ್ರವನ್ನು ಮೀರಿ ಬೆಳೆದರೆ ಅದನ್ನು ಗಳಗಂಡ ಎನ್ನುತ್ತಾರೆ. ಜ್ವರದ ಹಾಗೆ ಇದೂ ಒಂದು ಕುರುಹು. ಜ್ವರಕ್ಕೆ ಹತ್ತಾರು ಮೂಲಗಳಿರುವಂತೆ ಇದಕ್ಕೂ ಇವೆ. ಆದ್ದರಿಂದ ‘ನಿಮಗೆ ಗಳಗಂಡವಿದೆ’ ಎಂಬಲ್ಲಿಗೆ ವೈದ್ಯರ ಮಾತು ನಿಂತರೆ ‘ಯಾವ ಕಾರಣಕ್ಕೆ?’ ಎಂದು ಕೇಳುವುದು ನಿಮ್ಮ ಹಕ್ಕು.

ಊತ ಇಡೀ ಗ್ರಂಥಿಯಲ್ಲಿ ಸಮನಾಗಿ ಹರಡಿರಬಹುದು, ಒಂದೇ ಗಂಟಾಗಿರಬಹುದು, ಹಲವು ಗಂಟುಗಳಾಗಿರಬಹುದು. ಕೆಲವರಲ್ಲಿ ಅದು ಹೊರಗೆ ಕಾಣದೆ ಎದೆಮೂಳೆಯ ಹಿಂದಕ್ಕೆ ಇಳಿದು ಒಳಗೇ ಬೆಳೆಯುತ್ತದೆ.

ಹಳೆಯ ಮಾತಿನಲ್ಲಿ ‘ಗಂಡಮಾಲೆ’ ಎಂಬ ಇನ್ನೊಂದು ಹೆಸರಿದೆ. ಅನೇಕರು ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ. ಗಂಡಮಾಲೆಯಲ್ಲಿ ಊದಿಕೊಳ್ಳುವುದು ಕತ್ತಿನ ದುಗ್ಧರಸ ಗ್ರಂಥಿಗಳು, ಮಣಿಸರದಂತೆ ಸಾಲಾಗಿ. ಅದರ ಹಿಂದೆ ಕ್ಷಯದಂತಹ ಸೋಂಕು ಇರಬಹುದು. ಥೈರಾಯ್ಡಿಗೂ ಅದಕ್ಕೂ ಸಂಬಂಧವಿಲ್ಲ. ಚಿಕಿತ್ಸೆಯೂ ಬೇರೆ.

ಗ್ರಂಥಿ ಊದಿಕೊಳ್ಳುವುದಾದರೂ ಏಕೆ?

ಇದೊಂದು ಅರ್ಥವಾದರೆ ಉಳಿದದ್ದು ಸುಲಭ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಿದುಳಿನ ತಳದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗಾತ್ರದ ಗ್ರಂಥಿಯಿದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಎಷ್ಟಿದೆ ಎಂದು ಅದು ಸದಾ ಗಮನಿಸುತ್ತಿರುತ್ತದೆ. ಕಡಿಮೆಯಾದರೆ ಟಿಎಸ್‌ಎಚ್ ಎಂಬ ತನ್ನ ಹಾರ್ಮೋನನ್ನು ಹೆಚ್ಚು ಹೆಚ್ಚು ಸುರಿಸಿ, ಇನ್ನಷ್ಟು ದುಡಿ ಎಂದು ಥೈರಾಯ್ಡನ್ನು ಒತ್ತಾಯಿಸುತ್ತದೆ. ಸಾಕಷ್ಟಾದರೆ ಟಿಎಸ್‌ಎಚ್ ತಗ್ಗುತ್ತದೆ. ಟಿಎಸ್‌ಎಚ್‌ಗೆ ಎರಡು ಪರಿಣಾಮಗಳಿವೆ: ಥೈರಾಯ್ಡಿನ ಜೀವಕೋಶಗಳನ್ನು ದುಡಿಸುವುದು, ಮತ್ತು ಅವುಗಳ ಸಂಖ್ಯೆಯನ್ನು ಬೆಳೆಸುವುದು. ಅಯೋಡಿನ್ ಸಾಲದೆ ಗ್ರಂಥಿಗೆ ಹಾರ್ಮೋನು ತಯಾರಿಸಲು ಆಗದಿದ್ದಾಗ ಒತ್ತಾಯ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿಯುತ್ತದೆ. ಸಿಕ್ಕ ಅಲ್ಪ ಅಯೋಡಿನ್ನಿನಲ್ಲೇ ಕೆಲಸ ಸಾಗಿಸಲು ಗ್ರಂಥಿ ತನ್ನ ಮೈಯನ್ನೇ ಹಿಗ್ಗಿಸಿಕೊಳ್ಳುತ್ತದೆ. ಮೊದಮೊದಲು ಈ ಊತ ಮೆತ್ತಗೆ, ನುಣುಪಾಗಿರುತ್ತದೆ. ಆದರೆ ಎಲ್ಲ ಜೀವಕೋಶಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬೆಳೆದ ಕೆಲವು ಭಾಗಗಳಲ್ಲಿ ನೀರು ತುಂಬುತ್ತದೆ, ಕೆಲವು ಕಡೆ ಸುಣ್ಣಗಟ್ಟುತ್ತದೆ. ಯೌವನದಲ್ಲಿ ನುಣುಪಾಗಿದ್ದ ಊತ ಇಳಿವಯಸ್ಸಿನಲ್ಲಿ ಗಂಟುಗಂಟಾಗುವುದು ಹೀಗೆ.

ಎರಡನೆಯ ದಾರಿ, ಸುಳ್ಳು ಒತ್ತಾಯ. ಗ್ರೇವ್ಸ್ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಟಿಎಸ್‌ಎಚ್‌ನಂತೆ ವರ್ತಿಸುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಪಿಟ್ಯುಟರಿ ಬಾಯಿ ಮುಚ್ಚಿಕೊಂಡಿದ್ದರೂ ಥೈರಾಯ್ಡಿಗೆ ದುಡಿ, ಬೆಳೆ ಎಂಬ ಆಜ್ಞೆ ಬರುತ್ತಲೇ ಇರುತ್ತದೆ.

ಮೂರನೆಯದು ಉರಿಯೂತ. ಹಶಿಮೊಟೊ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳು ಗ್ರಂಥಿಯೊಳಗೆ ನುಗ್ಗಿ ನೆಲೆಸುತ್ತವೆ. ಗ್ರಂಥಿ ರಬ್ಬರಿನಂತೆ ಗಟ್ಟಿಯಾಗಿ ಊದಿ, ನಿಧಾನವಾಗಿ ಸೊರಗುತ್ತದೆ. ಕೊನೆಯದು, ಒಂದೆಡೆ ಮಾತ್ರ ಬೆಳೆದ ಗಂಟು: ನೀರುಗುಳ್ಳೆ, ನಿರುಪದ್ರವಿ ಗಡ್ಡೆ, ಕೆಲವೊಮ್ಮೆ ಕ್ಯಾನ್ಸರ್.

ಅಯೋಡಿನ್ ಕೊರತೆ ಬೆಟ್ಟದ ಸೀಮೆಯವರಿಗೇ ಹೆಚ್ಚು ಎನ್ನುತ್ತಾರೆ. ನಿಜವೇ?

ಬಹಳ ಮಟ್ಟಿಗೆ ನಿಜ. ಅಯೋಡಿನ್ನಿನ ದೊಡ್ಡ ಉಗ್ರಾಣ ಸಮುದ್ರ. ನೆಲದ ಮೇಲ್ಪದರದಲ್ಲಿದ್ದದ್ದನ್ನು ಹಿಮನದಿಗಳೂ ಮಳೆಯೂ ನೆರೆಯೂ ತೊಳೆದು ಕಡಲಿಗೆ ಸೇರಿಸಿವೆ. ಮಣ್ಣಿನಲ್ಲಿಲ್ಲದ್ದು ಬೆಳೆಯಲ್ಲಿ ಬರುವುದಿಲ್ಲ, ಬೆಳೆಯಲ್ಲಿಲ್ಲದ್ದು ಅದನ್ನು ತಿಂದವರ ಮೈಗೂ ಬರುವುದಿಲ್ಲ. ಆಲ್ಪ್ಸ್, ಆಂಡೀಸ್, ಹಿಮಾಲಯದ ಕಣಿವೆಗಳಲ್ಲಿ ಗಳಗಂಡ ತಲೆಮಾರುಗಳಿಂದ ಮನೆಮಾಡಿಕೊಂಡಿದ್ದುದು ಇದರಿಂದಲೇ. ಆದರೆ ಬೆಟ್ಟ ಮಾತ್ರವಲ್ಲ, ಪ್ರವಾಹ ಮತ್ತೆ ಮತ್ತೆ ಕೊಚ್ಚುವ ನದಿಬಯಲುಗಳಲ್ಲೂ, ಎಷ್ಟೋ ಬಾರಿ ಕರಾವಳಿಯಲ್ಲೂ ಕೊರತೆ ಉಂಟು.

ಇದರ ಪರಿಹಾರದ ಕಥೆ ವೈದ್ಯಕೀಯದಲ್ಲೇ ಹೆಮ್ಮೆಪಡುವಂಥದ್ದು ಎಂದು ನನಗೆ ಅನ್ನಿಸುತ್ತದೆ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಕಡಲಪಾಚಿಯ ಬೂದಿಯಲ್ಲಿ ಅಯೋಡಿನ್ ಅನ್ನು ಕಂಡರು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂಡೆ ಅದನ್ನು ಗಳಗಂಡಕ್ಕೆ ಔಷಧಿಯಾಗಿ ಕೊಟ್ಟರು. ಮುಂದೆ 1917ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಡೇವಿಡ್ ಮರೀನ್ ಮತ್ತು ಕಿಂಬಲ್ ಶಾಲಾ ಬಾಲಕಿಯರಿಗೆ ಅಯೋಡಿನ್ ಕೊಡಲು ಆರಂಭಿಸಿದರು. ತೆಗೆದುಕೊಳ್ಳದವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಗ್ರಂಥಿ ಊದಿತು. ತೆಗೆದುಕೊಂಡವರಲ್ಲಿ ಅದು ಇಲ್ಲವೆನ್ನುವಷ್ಟು ವಿರಳವಾಗಿತ್ತು. 1922ರಲ್ಲಿ ಸ್ವಿಟ್ಜರ್ಲೆಂಡ್, 1924ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯ ಅಯೋಡಿನ್ ಬೆರೆಸಿದ ಉಪ್ಪನ್ನು ಜನರಿಗೆ ತಲುಪಿಸತೊಡಗಿದವು. ಶತಮಾನಗಳ ಕಾಲ ಹಣೆಬರಹವೆಂದು ಜನ ಹೊತ್ತು ತಿರುಗಿದ ಊತ ಒಂದೆರಡು ತಲೆಮಾರಿನಲ್ಲಿ ಆ ಕಣಿವೆಗಳಿಂದ ಮರೆಯಾಯಿತು.

ದಿನಕ್ಕೆ ಎಷ್ಟು ಅಯೋಡಿನ್ ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ 250, 6ರಿಂದ 12 ವರ್ಷದ ಮಕ್ಕಳಿಗೆ 120, ಅದಕ್ಕಿಂತ ಚಿಕ್ಕವರಿಗೆ 90. ಒಂದು ಗ್ರಾಮಿನಲ್ಲಿ ಹತ್ತು ಲಕ್ಷ ಮೈಕ್ರೋಗ್ರಾಂಗಳಿವೆ. ಅಂದರೆ ಇಡೀ ಬಾಳಿಗೆ ಬೇಕಾದದ್ದು ಒಂದು ಚಮಚದಷ್ಟು. ಆದರೆ ಒಮ್ಮೆಲೇ ತಿಂದು ಮುಗಿಸುವಂತಿಲ್ಲ, ದಿನದಿನವೂ ಚೂರುಚೂರಾಗಿ ಬೇಕು.

ಅಯೋಡಿನ್ ಬೆರೆಸಿದ ಉಪ್ಪು, ಕಡಲಮೀನು, ಹಾಲು, ಮೊಟ್ಟೆ ಇದರ ಸಾಮಾನ್ಯ ಮೂಲಗಳು. ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು, ಅಯೋಡಿನ್ ಸೇರಿಸದ ಸಮುದ್ರದ ಉಪ್ಪು ಎಷ್ಟೇ ‘ಸಹಜ’ ಎನ್ನಿಸಿಕೊಂಡರೂ ಅವುಗಳಲ್ಲಿ ಸಾಲುವಷ್ಟು ಅಯೋಡಿನ್ ಇಲ್ಲ. ಕಡಲಿನಿಂದ ಬಂದ ಉಪ್ಪಿನಲ್ಲೂ ಇಲ್ಲವೇ ಎಂದು ಕೇಳುವವರಿದ್ದಾರೆ. ನೀರು ಆವಿಯಾಗಿ ಉಪ್ಪು ಹರಳುಗಟ್ಟುವಷ್ಟರಲ್ಲಿ ಅದರಲ್ಲಿ ಉಳಿಯುವುದು ಅತ್ಯಲ್ಪ. ಅಯೋಡಿನ್ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ತೇವ ಮತ್ತು ಬಿಸಿಲು ತಾಗದಂತೆ ಇಡಿ.

ರಕ್ತದೊತ್ತಡದ ಕಾರಣಕ್ಕೆ ಉಪ್ಪು ತಗ್ಗಿಸಿದವರು ಹಾಗೆಯೇ ಮುಂದುವರಿಯಲಿ. ತಿನ್ನುವ ಅಷ್ಟು ಉಪ್ಪು ಅಯೋಡಿನ್ ಇರುವುದಾಗಿರಲಿ, ಅಷ್ಟೇ. ಅಯೋಡಿನ್ನಿಗಾಗಿ ಯಾರೂ ಹೆಚ್ಚು ಉಪ್ಪು ತಿನ್ನಬೇಕಿಲ್ಲ.

ಮೊದಲಿನಿಂದಲೂ ಅಯೋಡಿನ್ ಉಪ್ಪನ್ನೇ ತಿನ್ನುತ್ತಿದ್ದೇನೆ. ನನಗೇಕೆ ಬಂತು?

ಅಯೋಡಿನ್ ಕೊರತೆ ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗೆ ಗಳಗಂಡ ತರುವ ಕಾರಣ, ನಿಜ. ಅದು ಒಂದೇ ಕಾರಣವಲ್ಲ. ಅಯೋಡಿನ್ ಸಾಕಷ್ಟು ಸಿಗುವ ಕಡೆಗಳಲ್ಲಿ ಮೊದಲು ನೆನೆಯಬೇಕಾದವು ಹಶಿಮೊಟೊ, ಗ್ರೇವ್ಸ್ ಮತ್ತು ಗಂಟುಗಳ ಗಳಗಂಡ.

ಹಶಿಮೊಟೊ ಕಾಯಿಲೆಯನ್ನು 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ವಿವರಿಸಿದರು. ಮಹಿಳೆಯರಲ್ಲಿ ಬಹಳ ಹೆಚ್ಚು. ಆರಂಭದಲ್ಲಿ ಊತ ಬಿಟ್ಟರೆ ಬೇರೇನೂ ಇರುವುದಿಲ್ಲ. ಕಾಲ ಸರಿದಂತೆ ಆಯಾಸ, ಚಳಿ ತಡೆಯದಿರುವುದು, ಮಲಬದ್ಧತೆ, ಒಣಚರ್ಮ, ತೂಕ ಏರುವುದು, ಮುಟ್ಟಿನಲ್ಲಿ ಅತಿಯಾದ ಸ್ರಾವ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಇವೆಲ್ಲವನ್ನೂ ದಣಿವು, ವಯಸ್ಸು ಎಂದು ತಳ್ಳಿಹಾಕುವುದು ಸುಲಭ. ಹಾಗಾಗಿಯೇ ಎಷ್ಟೋ ಹೆಣ್ಣುಮಕ್ಕಳು ತಡವಾಗಿ ವೈದ್ಯರ ಬಳಿ ಬರುತ್ತಾರೆ, ಇದು ಬೇಸರದ ಸಂಗತಿ.

ಗ್ರೇವ್ಸ್ ಕಾಯಿಲೆಗೆ 1835ರಲ್ಲಿ ಅದನ್ನು ವಿವರಿಸಿದ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ ಅವರ ಹೆಸರು. ಇಲ್ಲಿ ಎಲ್ಲವೂ ತಿರುಗುಮುರುಗು: ಎದೆ ಡವಡವ ಎನ್ನುವುದು, ಕೈನಡುಕ, ಬೆವರು, ಸೆಕೆ ತಡೆಯದಿರುವುದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ನಿದ್ರೆ ಬಾರದಿರುವುದು. ಕೆಲವರ ಕಣ್ಣುಗುಡ್ಡೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಹೊಗೆ ಸೇದುವವರಲ್ಲಿ ಕಣ್ಣಿನ ತೊಂದರೆ ಇನ್ನಷ್ಟು ಕೆಡುತ್ತದೆ.

ಔಷಧಿಗಳೂ ಕಾರಣವಾಗಬಲ್ಲವು. ಮನೋರೋಗಕ್ಕೆ ಕೊಡುವ ಲಿಥಿಯಂ, ಹೃದಯ ಬಡಿತದ ಏರುಪೇರಿಗೆ ಕೊಡುವ ಅಮಿಯೊಡರೋನ್ ಇವುಗಳಲ್ಲಿ ಮುಖ್ಯವಾದವು. ಅವುಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಆಗುವ ಅಪಾಯ ಊತಕ್ಕಿಂತ ದೊಡ್ಡದು. ವೈರಸ್ ಸೋಂಕಿನ ಬೆನ್ನಿಗೆ ಬರುವ ನೋವಿನ ಥೈರಾಯ್ಡ್ ಉರಿಯೂತ, ಹೆರಿಗೆಯ ನಂತರದ ಉರಿಯೂತ, ಹಾರ್ಮೋನು ತಯಾರಿಕೆಯಲ್ಲೇ ಹುಟ್ಟಿನಿಂದ ಇರುವ ದೋಷಗಳು, ಬಲು ಅಪರೂಪಕ್ಕೆ ಪಿಟ್ಯುಟರಿಯ ಗಡ್ಡೆ, ಇವೂ ಪಟ್ಟಿಯಲ್ಲಿವೆ.

ಹಾಗಾದರೆ ಅಯೋಡಿನ್ ಮಾತ್ರೆ ತೆಗೆದುಕೊಂಡುಬಿಡಲೇ?

ದಯವಿಟ್ಟು ಬೇಡ. ಊತ ಕಂಡೊಡನೆ ತಾವೇ ಅಯೋಡಿನ್ ಮಾತ್ರೆ ಅಥವಾ ಕಡಲಪಾಚಿಯ ಪುಡಿ ಆರಂಭಿಸುವುದು ನಾನು ಬಹಳ ಅಂಜುವ ತಪ್ಪು. ಬಹುಕಾಲದಿಂದ ಗಂಟುಗಳಿರುವ ಗ್ರಂಥಿಗೆ ಒಮ್ಮೆಲೇ ಹೇರಳ ಅಯೋಡಿನ್ ಸಿಕ್ಕರೆ ಅದು ಹಿಡಿತ ತಪ್ಪಿ ಹಾರ್ಮೋನು ಸುರಿಸತೊಡಗಬಹುದು. ವಯಸ್ಸಾದವರಲ್ಲಿ, ಹೃದ್ರೋಗಿಗಳಲ್ಲಿ ಇದು ಪ್ರಾಣಕ್ಕೇ ಕುತ್ತು ತರಬಲ್ಲದು. ಹಶಿಮೊಟೊ ಇರುವವರಲ್ಲಿ ಇದಕ್ಕೆ ವಿರುದ್ಧವಾಗಿ ಗ್ರಂಥಿಯ ಕೆಲಸ ಇನ್ನಷ್ಟು ಕುಸಿಯಬಹುದು. ಅತಿಯಾದ ಅಯೋಡಿನ್ನಿನಿಂದಲೇ ಗಳಗಂಡ ಬರುವುದೂ ಉಂಟು: ಜಪಾನಿನ ಹೊಕ್ಕೈಡೊ ಕರಾವಳಿಯಲ್ಲಿ ಕಡಲಪಾಚಿಯನ್ನು ಯಥೇಚ್ಛವಾಗಿ ತಿನ್ನುತ್ತಿದ್ದವರಲ್ಲಿ ಇದನ್ನು ದಾಖಲಿಸಿದ್ದಾರೆ.

ಅಡುಗೆಗೆ ಹಾಕುವ ಅಯೋಡಿನ್ ಉಪ್ಪಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಲೆಕ್ಕವಿಲ್ಲದೆ ನುಂಗುವ ಪೂರಕಗಳಿಗೆ. ಎಕ್ಸ್-ರೇ, ಸಿಟಿ ಸ್ಕ್ಯಾನ್ ಮಾಡುವಾಗ ರಕ್ತನಾಳಕ್ಕೆ ಕೊಡುವ ಕೆಲವು ದ್ರವಗಳಲ್ಲೂ ಅಯೋಡಿನ್ ತುಂಬ ಇರುತ್ತದೆ. ಆದ್ದರಿಂದ ಸ್ಕ್ಯಾನ್ ಮಾಡುವವರಿಗೆ ನಿಮ್ಮ ಗಳಗಂಡದ ವಿಷಯವನ್ನು ಮೊದಲೇ ತಿಳಿಸಿ.

ಎಲೆಕೋಸು, ಹೂಕೋಸು, ಸೋಯಾ ಬಿಡಬೇಕೇ?

ಕೋಸಿನ ಜಾತಿಯ ತರಕಾರಿಗಳಲ್ಲಿ, ಮರಗೆಣಸಿನಲ್ಲಿ ಅಯೋಡಿನ್ ಬಳಕೆಗೆ ಅಡ್ಡಬರುವ ಅಂಶಗಳಿರುವುದು ಹೌದು. ಆದರೆ ಅವು ತೊಂದರೆ ಕೊಡುವುದು ಊಟದಲ್ಲಿ ಅಯೋಡಿನ್ ಮೊದಲೇ ಕಡಿಮೆಯಿದ್ದು, ಸರಿಯಾಗಿ ಹದಮಾಡದ ಮರಗೆಣಸೇ ದಿನನಿತ್ಯದ ಆಹಾರವಾದಾಗ. ಅಯೋಡಿನ್ ಸಾಕಷ್ಟಿರುವವರು ಬೇಯಿಸಿದ ಕೋಸನ್ನು ನೆಮ್ಮದಿಯಿಂದ ತಿನ್ನಬಹುದು. ಬೇಯಿಸಿದಾಗ ಆ ಅಂಶ ಬಹಳಷ್ಟು ಇಳಿಯುತ್ತದೆ. ಸೋಯಾದ ತಕರಾರು ಬೇರೆ: ಥೈರಾಯ್ಡ್ ಹಾರ್ಮೋನು ಕಡಿಮೆಯಿರುವವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆ ಕರುಳಿನಲ್ಲಿ ಹೀರಿಕೆಯಾಗುವುದನ್ನು ಅದು ತಗ್ಗಿಸುತ್ತದೆ, ಹಾಗಾಗಿ ಎರಡರ ನಡುವೆ ಅಂತರವಿರಲಿ. ‘ಥೈರಾಯ್ಡ್ ಪಥ್ಯ’ ಎಂಬ ಹೆಸರಿನಲ್ಲಿ ಒಳ್ಳೆಯ ತರಕಾರಿಗಳನ್ನು ದೂರವಿಟ್ಟವರನ್ನು ಕಂಡಾಗ ಮರುಕವೆನಿಸುತ್ತದೆ.

ಬಿಡಬೇಕಾದದ್ದು ಒಂದಿದೆ, ಹೊಗೆಸೊಪ್ಪು. ಸಿಗರೇಟಿನ ಹೊಗೆಯಿಂದ ರಕ್ತ ಸೇರುವ ಥಯೋಸಯನೇಟ್ ಗ್ರಂಥಿಯೊಳಕ್ಕೆ ಅಯೋಡಿನ್ ಹೋಗುವುದನ್ನು ತಡೆಯುತ್ತದೆ. ಕಬ್ಬಿಣದ ಕೊರತೆಯನ್ನೂ ಮರೆಯಬೇಡಿ: ಹಾರ್ಮೋನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು, ರಕ್ತಹೀನತೆಯಿರುವ ಮಕ್ಕಳಲ್ಲಿ ಅಯೋಡಿನ್ ಕೊಟ್ಟರೂ ಊತ ಬೇಗ ಇಳಿಯುವುದಿಲ್ಲ.

ಊತವಿದೆ, ಆದರೆ ರಕ್ತಪರೀಕ್ಷೆ ಸರಿಯಾಗಿದೆ ಎಂದರು. ಇದು ಹೇಗೆ ಸಾಧ್ಯ?

ಇದು ಸಾಧ್ಯ ಮಾತ್ರವಲ್ಲ, ಬಹಳ ಸಾಮಾನ್ಯ. ಗ್ರಂಥಿ ಹಿಗ್ಗಿ, ತನ್ನ ಕೊರತೆಯನ್ನು ತಾನೇ ತುಂಬಿಕೊಂಡಿದ್ದರೆ ರಕ್ತದಲ್ಲಿ ಹಾರ್ಮೋನು ಸರಿಯಾಗಿಯೇ ಇರುತ್ತದೆ. ದೊಡ್ಡ ಗ್ರಂಥಿ ಎಂದರೆ ಹೆಚ್ಚು ಕೆಲಸ ಎಂದಲ್ಲ. ಸಣ್ಣ ಗ್ರಂಥಿ ಎಂದರೆ ಕಡಿಮೆ ಕೆಲಸ ಎಂದೂ ಅಲ್ಲ. ಊದಿದ ಗ್ರಂಥಿ ಹೆಚ್ಚು ದುಡಿಯುತ್ತಿರಬಹುದು, ಕಡಿಮೆ ದುಡಿಯುತ್ತಿರಬಹುದು, ಹದವಾಗಿಯೇ ದುಡಿಯುತ್ತಿರಬಹುದು. ರಕ್ತಪರೀಕ್ಷೆ ಗ್ರಂಥಿಯ ಕೆಲಸವನ್ನು ಹೇಳುತ್ತದೆ, ಗಂಟಿನ ಗುಣವನ್ನು ಹೇಳುವುದಿಲ್ಲ. ಆದ್ದರಿಂದ ‘ಟಿಎಸ್‌ಎಚ್ ಸರಿಯಿದೆ’ ಎಂದೊಡನೆ ಗಂಟಿನ ವಿಚಾರ ಮುಗಿಯಿತು ಎಂದುಕೊಳ್ಳಬಾರದು.

ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದೇ?

ಒಂದು ಲೋಟ ನೀರು, ಒಂದು ಕನ್ನಡಿ ಸಾಕು. ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಒಂದು ಗುಟುಕು ನೀರು ನುಂಗಿ, ನುಂಗುವಾಗ ಗಂಟಲಿನ ಉಬ್ಬಿನ ಕೆಳಭಾಗವನ್ನು ಗಮನಿಸಿ. ಥೈರಾಯ್ಡ್ ಶ್ವಾಸನಾಳಕ್ಕೆ ಅಂಟಿಕೊಂಡಿರುವುದರಿಂದ ಅದರ ಊತ ನುಂಗಿದಾಗ ಮೇಲೇರಿ ಇಳಿಯುತ್ತದೆ. ಕೊಬ್ಬು, ದುಗ್ಧರಸ ಗ್ರಂಥಿಯ ಊತ ಹಾಗೆ ಏರಿಳಿಯುವುದಿಲ್ಲ. ಹುಟ್ಟಿನಿಂದ ಉಳಿದುಬಂದ ಒಂದು ಬಗೆಯ ನೀರುಗುಳ್ಳೆ ಮಾತ್ರ ನಾಲಿಗೆ ಹೊರಚಾಚಿದಾಗಲೂ ಮೇಲೇರುತ್ತದೆ.

ವೈದ್ಯರು ಗಳಗಂಡವನ್ನು ಅಳೆಯುವ ಹಳೆಯ ವಿಧಾನ ಸರಳವಾದದ್ದು: ಹಾಲೆಯ ಗಾತ್ರ ಆ ವ್ಯಕ್ತಿಯದೇ ಹೆಬ್ಬೆರಳಿನ ತುದಿಗೆಣ್ಣಿಗಿಂತ ದೊಡ್ಡದಿದ್ದರೆ ಅದು ಊದಿದೆ ಎಂದರ್ಥ. ಕೈಗೆ ಸಿಕ್ಕಿ, ಕತ್ತು ನೆಟ್ಟಗಿದ್ದಾಗ ಕಣ್ಣಿಗೆ ಕಾಣದಿದ್ದರೆ ಮೊದಲ ದರ್ಜೆ. ಹಾಗೇ ಕಂಡರೆ ಎರಡನೆಯದು. ಮನೆಯ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದರೆ ಏನೂ ಇಲ್ಲವೆಂದಲ್ಲ. ಸಣ್ಣ ಗಂಟುಗಳು, ಎದೆಯೊಳಗೆ ಇಳಿದ ಊತ ಹೀಗೆ ಸಿಗುವುದಿಲ್ಲ.

ಕಾಯದೆ ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ಮಲಗಿದಾಗ ಉಸಿರು ಕಟ್ಟಿದಂತಾದರೆ, ಉಸಿರೆಳೆಯುವಾಗ ಸಿಳ್ಳಿನಂಥ ಸದ್ದು ಬಂದರೆ ಅದೇ ದಿನ ಹೋಗಿ. ಊತ ವಾರಗಳಲ್ಲೇ ಬೆಳೆದರೆ, ಕಲ್ಲಿನಂತೆ ಗಟ್ಟಿಯಾಗಿ ಅಲುಗಾಡದಿದ್ದರೆ, ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ, ನುಂಗಲು ಕಷ್ಟವಾದರೆ, ಕತ್ತಿನ ಪಕ್ಕದಲ್ಲಿ ಬೇರೆ ಗಡ್ಡೆಗಳು ಸಿಕ್ಕರೆ ತಡಮಾಡಬೇಡಿ. ಬಾಲ್ಯದಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ ಆಗಿದ್ದವರು, ಮನೆಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಸಣ್ಣ ಗಂಟನ್ನೂ ತೋರಿಸಿಕೊಳ್ಳಬೇಕು.

ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಹಿಡಿದಾಗ ಮುಖ ಕೆಂಪೇರಿ, ಉಸಿರು ಬಿಗಿದರೆ ಊತ ಎದೆಯೊಳಗೆ ಇಳಿದು ರಕ್ತನಾಳಗಳನ್ನು ಒತ್ತುತ್ತಿರುವ ಸೂಚನೆ.

ಇದ್ದಕ್ಕಿದ್ದಂತೆ ನೋವು ಬಂದರೆ? ಹೆಚ್ಚಿನ ಬಾರಿ ಅದು ನೀರುಗುಳ್ಳೆಯೊಳಗೆ ರಕ್ತ ಸೋರಿದ್ದು ಅಥವಾ ಉರಿಯೂತ. ಉರಿಯೂತದ ನೋವು ದವಡೆಗೂ ಕಿವಿಗೂ ಹರಡುತ್ತದೆ. ಕಿವಿನೋವೆಂದು ಬೇರೆಡೆ ಅಲೆದವರು ಇದ್ದಾರೆ.

ಗಂಟು ಎಂದರೆ ಕ್ಯಾನ್ಸರೇ?

ಹತ್ತು ಗಂಟುಗಳಲ್ಲಿ ಒಂಬತ್ತರಷ್ಟು ಕ್ಯಾನ್ಸರ್ ಅಲ್ಲ. ಅಲ್ಟ್ರಾಸೌಂಡ್ ಮಾಡಿ ಹುಡುಕಿದರೆ ಆರೋಗ್ಯವಂತ ವಯಸ್ಕರಲ್ಲೂ ಬಹಳಷ್ಟು ಜನರಲ್ಲಿ ಗಂಟುಗಳು ಸಿಗುತ್ತವೆ, ವಯಸ್ಸಾದಂತೆ ಇನ್ನೂ ಹೆಚ್ಚು. ಕ್ಯಾನ್ಸರ್ ಆಗಿದ್ದರೂ ಅದರಲ್ಲಿ ಅತಿ ಸಾಮಾನ್ಯವಾದ ಪ್ಯಾಪಿಲರಿ ಬಗೆ ನಿಧಾನವಾಗಿ ಬೆಳೆಯುವಂಥದ್ದು, ಬಹುತೇಕ ಗುಣವಾಗುವಂಥದ್ದು. ವಯಸ್ಸಾದವರಲ್ಲಿ ವಾರಗಳಲ್ಲೇ ಉಬ್ಬುವ ಅಪರೂಪದ ಬಗೆ ಮಾತ್ರ ಭಯಂಕರ.

ಒಂದೇ ಗಂಟಿದ್ದರೆ ಅಪಾಯ, ಹಲವಿದ್ದರೆ ಅಪಾಯವಿಲ್ಲ ಎಂಬ ನಂಬಿಕೆಯೊಂದಿದೆ. ಅದನ್ನು ನೆಚ್ಚಬೇಡಿ. ಹಲವು ಗಂಟುಗಳಿದ್ದರೂ ಪ್ರತಿಯೊಂದರ ರೂಪವನ್ನೂ ಅಲ್ಟ್ರಾಸೌಂಡಿನಲ್ಲಿ ನೋಡಬೇಕು.

ಯಾವ ಪರೀಕ್ಷೆಗಳನ್ನು ಮಾಡುತ್ತಾರೆ?

ಮೊದಲು ಟಿಎಸ್‌ಎಚ್. ಅದು ಹೆಚ್ಚಿದ್ದರೆ ಟಿ-4, ಜೊತೆಗೆ ಹಶಿಮೊಟೊ ಗುರುತಿಸಲು ಟಿಪಿಒ ಪ್ರತಿಕಾಯ. ಕಡಿಮೆಯಿದ್ದರೆ ಟಿ-4, ಟಿ-3 ಮತ್ತು ಗ್ರೇವ್ಸ್ ಪ್ರತಿಕಾಯ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಅದು ಫಲಿತಾಂಶವನ್ನು ದಾರಿತಪ್ಪಿಸುತ್ತದೆ.

ಗಂಟಿನ ಅನುಮಾನವಿದ್ದರೆ ಅಲ್ಟ್ರಾಸೌಂಡ್. ಅದರಲ್ಲಿ ವಿಕಿರಣವೂ ಇಲ್ಲ, ನೋವೂ ಇಲ್ಲ. ಗಂಟಿನ ಗಾತ್ರ, ಅಂಚು, ಒಳಗಿನ ಸುಣ್ಣದ ಚುಕ್ಕೆಗಳನ್ನು ನೋಡಿ ಸೂಜಿಪರೀಕ್ಷೆ ಬೇಕೇ ಎಂದು ತೀರ್ಮಾನಿಸುತ್ತಾರೆ. ಎಫ್‌ಎನ್‌ಎಸಿ ಎಂಬ ಸೂಜಿಪರೀಕ್ಷೆಯಲ್ಲಿ ತೆಳುಸೂಜಿಯಿಂದ ಕೆಲವು ಜೀವಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಇದನ್ನು ಮುಂದೂಡುವವರು ಬಹಳ. ಆ ಭಯಕ್ಕಿಂತ ಮುಂದೂಡುವುದೇ ಹೆಚ್ಚು ಅಪಾಯಕಾರಿ. ಟಿಎಸ್‌ಎಚ್ ಕಡಿಮೆಯಿದ್ದು ಗಂಟೂ ಇದ್ದರೆ ಮಾತ್ರ ವಿಕಿರಣ ವಸ್ತು ಬಳಸುವ ಥೈರಾಯ್ಡ್ ಸ್ಕ್ಯಾನ್ ಬೇಕಾಗುತ್ತದೆ. ಹೆಚ್ಚು ದುಡಿಯುವ ಗಂಟು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ.

ಗರ್ಭಿಣಿಯಲ್ಲಿ ಗ್ರಂಥಿ ಊದಿದರೆ?

ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲಿ ಏರುವ ಎಚ್‌ಸಿಜಿ ಹಾರ್ಮೋನು ಥೈರಾಯ್ಡನ್ನೂ ತುಸು ಪ್ರಚೋದಿಸುತ್ತದೆ, ಮೂತ್ರದಲ್ಲಿ ಅಯೋಡಿನ್ ಹೆಚ್ಚು ಹೋಗುತ್ತದೆ, ಮಗುವಿಗೂ ಪಾಲು ಬೇಕು. ಅಯೋಡಿನ್ ಸಾಕಷ್ಟಿದ್ದರೆ ಗ್ರಂಥಿ ಅಷ್ಟಾಗಿ ಹಿಗ್ಗುವುದಿಲ್ಲ. ಕಣ್ಣಿಗೆ ಕಾಣುವಷ್ಟು ಊದಿದರೆ ಪರೀಕ್ಷಿಸಲೇಬೇಕು.

ಆರಂಭದ ವಾರಗಳಲ್ಲಿ ಮಗುವಿಗೆ ಸ್ವಂತ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ. ತಾಯಿಯದೇ ಆಸರೆ. ಆ ಹೊತ್ತಿನಲ್ಲಿ ತೀವ್ರ ಕೊರತೆಯಾದರೆ ಮಗುವಿನ ಬುದ್ಧಿಬೆಳವಣಿಗೆಗೆ, ಶ್ರವಣಕ್ಕೆ ಆಗುವ ಹಾನಿಯನ್ನು ನಂತರ ತುಂಬಿಕೊಡಲು ಆಗುವುದಿಲ್ಲ. ಕತ್ತಿನ ಊತ ಕಣ್ಣಿಗೆ ಕಾಣುತ್ತದೆ, ಈ ನಷ್ಟ ಕಾಣುವುದಿಲ್ಲ. ಅಯೋಡಿನ್ ಕೊರತೆಯ ನಿಜವಾದ ಕ್ರೌರ್ಯ ಇರುವುದು ಇಲ್ಲಿ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯಲ್ಲಿ ಉಪ್ಪೂ ತಾಯಿಯೂ ಒಟ್ಟಿಗೆ ಬರುತ್ತಾರೆ. ಈ ವಿಷಯವನ್ನು ಬರೆಯುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಮೊದಲೇ ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದವರು ಗರ್ಭಿಣಿಯೆಂದು ತಿಳಿದ ಕೂಡಲೇ ವೈದ್ಯರನ್ನು ಕಾಣಿ. ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಮಗುವಿಗೆ ಕೆಡುಕಾದೀತೆಂದು ಅದನ್ನು ನಿಲ್ಲಿಸುವುದು ಮಗುವಿಗೇ ಕೆಡುಕು.

ಹದಿಹರೆಯದ ಮಗಳ ಕತ್ತು ಉಬ್ಬಿದೆ. ವಯಸ್ಸಿನ ಗುಣವೇ?

ಬೆಳೆಯುವ ವಯಸ್ಸಿನಲ್ಲಿ ಹಾರ್ಮೋನಿನ ಬೇಡಿಕೆ ಹೆಚ್ಚುವುದರಿಂದ ಗ್ರಂಥಿ ಮೆತ್ತಗೆ, ಸಮನಾಗಿ ಹಿಗ್ಗುವುದುಂಟು, ಎಷ್ಟೋ ಬಾರಿ ತಾನಾಗಿ ಇಳಿಯುವುದೂ ಉಂಟು. ಆದರೆ ಹಶಿಮೊಟೊ ಕಾಣಿಸಿಕೊಳ್ಳುವ ವಯಸ್ಸೂ ಇದೇ. ಒಂದು ರಕ್ತಪರೀಕ್ಷೆ ಮಾಡಿಸದೆ ವಯಸ್ಸಿನ ಗುಣ ಎಂದು ತೀರ್ಪು ಕೊಡಬೇಡಿ. ಮಕ್ಕಳಲ್ಲಿ ಒಂಟಿ ಗಂಟು ಕಂಡರೆ ದೊಡ್ಡವರಿಗಿಂತ ಹೆಚ್ಚು ಎಚ್ಚರ ಬೇಕು. ಇನ್ನೊಂದು ಮಾತು, ಆ ವಯಸ್ಸಿನ ಮಗುವಿನ ಎದುರು ಕತ್ತಿನ ಅಂದಚೆಂದದ ಬಗ್ಗೆ ಮಾತನಾಡಬೇಡಿ. ಅವಳು ಅದನ್ನು ಆಗಲೇ ನೂರು ಸಲ ಕನ್ನಡಿಯಲ್ಲಿ ನೋಡಿಕೊಂಡಿರುತ್ತಾಳೆ.

ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ? ಉಜ್ಜಿದರೆ, ಲೇಪ ಹಚ್ಚಿದರೆ ಕರಗುತ್ತದೆಯೇ?

ಅಂಟುವುದಿಲ್ಲ. ಒಂದೇ ಮನೆಯ ಹಲವರಿಗೆ ಬರಬಹುದು, ಏಕೆಂದರೆ ಊಟವೂ ಒಂದೇ, ವಂಶವೂ ಒಂದೇ. ಉಜ್ಜಿದರೆ ಕರಗುವುದಿಲ್ಲ. ಗಂಟನ್ನು ಒತ್ತಿ ಉಜ್ಜುವುದು ಒಳಗೆ ರಕ್ತಸ್ರಾವಕ್ಕೆ ದಾರಿ.

ಚಿಕಿತ್ಸೆ ಏನು? ಮಾತ್ರೆಯಿಂದ ಊತ ಇಳಿಯುತ್ತದೆಯೇ?

ಉತ್ತರ ಕಾರಣವನ್ನು ನೋಡಿಕೊಂಡು ಬದಲಾಗುತ್ತದೆ. ಗ್ರಂಥಿಯ ಕೆಲಸ ಸರಿಯಾಗಿದ್ದು, ಊತ ಸಣ್ಣದಾಗಿದ್ದು, ಏನನ್ನೂ ಒತ್ತದಿದ್ದರೆ ಅದನ್ನು ಆಗಾಗ ಪರೀಕ್ಷಿಸುತ್ತ ಬರುವುದೇ ಚಿಕಿತ್ಸೆ. ಔಷಧಿ ಬರೆಯದೆ ಕಳಿಸಿದರು ಎಂದು ನೊಂದುಕೊಳ್ಳಬೇಡಿ. ಅನಗತ್ಯ ಔಷಧಿ ಕೊಡದಿರುವುದಕ್ಕೂ ತಿಳಿವಳಿಕೆ ಬೇಕು.

ಹಾರ್ಮೋನು ಕಡಿಮೆಯಿದ್ದರೆ ಲೀವೋಥೈರಾಕ್ಸಿನ್ ಮಾತ್ರೆ, ಅಂದರೆ ಮೇಲೆ ಹೇಳಿದ ಥೈರಾಕ್ಸಿನ್. ಟಿಎಸ್‌ಎಚ್ ಇಳಿದಂತೆ ಊತವೂ ತಗ್ಗಬಹುದು, ವಿಶೇಷವಾಗಿ ಅದು ಹೊಸದಾಗಿದ್ದು ಮೆತ್ತಗಿದ್ದರೆ. ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನೀರಿನೊಂದಿಗೆ, ತಿಂಡಿ ಕಾಫಿಗಳಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ 4 ಗಂಟೆಗಳ ಅಂತರವಿರಲಿ. ಹಾರ್ಮೋನು ಸರಿಯಿರುವವರಿಗೂ ಗಂಟು ಕರಗಿಸಲೆಂದು ಇದೇ ಮಾತ್ರೆ ಕೊಡುವ ಪದ್ಧತಿ ಹಿಂದೆ ಇತ್ತು. ಲಾಭ ಕಡಿಮೆ, ಹೃದಯಕ್ಕೂ ಮೂಳೆಗೂ ಅಪಾಯ ಹೆಚ್ಚು ಎಂದು ಈಗ ಅದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಹಲವು ವರ್ಷಗಳ ಗಂಟುಗಳು ಅಯೋಡಿನ್ನಿಗೂ ಕರಗುವುದಿಲ್ಲ.

ಹಾರ್ಮೋನು ಹೆಚ್ಚಿದ್ದರೆ ಕಾರ್ಬಿಮಜೋಲ್‌ನಂತಹ ಮಾತ್ರೆಗಳು. ಇವುಗಳನ್ನು ತೆಗೆದುಕೊಳ್ಳುವಾಗ ಜ್ವರ, ಗಂಟಲುನೋವು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಿ. ಅಪರೂಪಕ್ಕೆ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ಈ ಎಚ್ಚರಿಕೆಯನ್ನು ಚೀಟಿಯ ಮೇಲೆ ಬರೆದು ಮನೆಯವರಿಗೂ ತೋರಿಸಿಡಿ.

ವಿಕಿರಣ ಅಯೋಡಿನ್ ಎಂದರೆ ಹೆದರಿಕೆಯಾಗುತ್ತದೆ.

ಹೆಸರು ಕೇಳಿದರೆ ಹೆದರಿಕೆಯಾಗುವುದು ಸಹಜ. ಅಯೋಡಿನ್-131 ಅನ್ನು ಕ್ಯಾಪ್ಸೂಲ್ ಅಥವಾ ದ್ರವವಾಗಿ ನುಂಗಿಸುತ್ತಾರೆ. ಥೈರಾಯ್ಡ್ ಅದನ್ನು ಸಾಮಾನ್ಯ ಅಯೋಡಿನ್ನಿನಂತೆಯೇ ಹೀರಿಕೊಳ್ಳುವುದರಿಂದ ವಿಕಿರಣ ಹೆಚ್ಚಾಗಿ ಗ್ರಂಥಿಯೊಳಗೇ ಕೆಲಸ ಮಾಡಿ ಅದನ್ನು ಕುಗ್ಗಿಸುತ್ತದೆ. ಸುಮಾರು 8 ದಿನಗಳಿಗೊಮ್ಮೆ ಅದರ ಕಸುವು ಅರ್ಧಕ್ಕಿಳಿಯುತ್ತದೆ. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಇದನ್ನು ಕೊಡುವಂತಿಲ್ಲ. ಕೊಟ್ಟ ಮೇಲೆ ಕೆಲವು ದಿನ ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ಅಪ್ಪಿಕೊಂಡು ಮಲಗುವಂತಿಲ್ಲ. ಮುಂದೆ ಗ್ರಂಥಿ ಪೂರ್ತಿ ಸೊರಗಿ, ಜೀವನಪೂರ್ತಿ ಮಾತ್ರೆ ಬೇಕಾಗುವ ಸಾಧ್ಯತೆ ಹೆಚ್ಚು.

ಶಸ್ತ್ರಚಿಕಿತ್ಸೆ ಯಾವಾಗ? ದನಿ ಹೋಗುತ್ತದೆಯೇ?

ಊತ ಉಸಿರನ್ನೋ ಅನ್ನನಾಳವನ್ನೋ ಒತ್ತುತ್ತಿದ್ದರೆ, ಕ್ಯಾನ್ಸರ್ ಇದ್ದರೆ ಅಥವಾ ಬಲವಾದ ಅನುಮಾನವಿದ್ದರೆ, ಎದೆಯೊಳಗೆ ಇಳಿದಿದ್ದರೆ, ಮಾತ್ರೆಗೆ ಬಗ್ಗದಿದ್ದರೆ, ನೋಟದಿಂದ ಮನಸ್ಸಿಗೆ ಬಹಳ ಕಷ್ಟವಾಗುತ್ತಿದ್ದರೆ. ಕೊನೆಯ ಕಾರಣವನ್ನು ಕೇವಲ ಎನ್ನಬಾರದು.

ಒಂದು ಕಾಲದಲ್ಲಿ ಥೈರಾಯ್ಡಿಗೆ ಕತ್ತಿ ಹಾಕುವುದೆಂದರೆ ರಕ್ತಸ್ರಾವದಿಂದ ಸಾವು ಎಂದೇ ಅರ್ಥ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಕರ್ ತಮ್ಮ ತಾಳ್ಮೆಯ ಕೈಚಳಕದಿಂದ ಅದನ್ನು ಸುರಕ್ಷಿತವಾಗಿಸಿದರು. 1909ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಡೀ ಗ್ರಂಥಿಯನ್ನು ತೆಗೆದವರು ಮುಂದೆ ಮಂಕಾಗಿ, ಊದಿಕೊಂಡು ಬಳಲುವುದನ್ನು ಕಂಡು ದಾಖಲಿಸಿದವರೂ ಅವರೇ. ಅಂದು ಥೈರಾಕ್ಸಿನ್ ಮಾತ್ರೆ ಇರಲಿಲ್ಲ. ಇಂದು ಇದೆ.

ದನಿಯ ನರಗಳು ಗ್ರಂಥಿಯ ಹಿಂದೆಯೇ ಸಾಗುತ್ತವೆ. ಅವುಗಳಿಗೆ ಪೆಟ್ಟಾದರೆ ದನಿ ಒಡೆಯಬಹುದು, ಹೆಚ್ಚಿನವರಲ್ಲಿ ತಾತ್ಕಾಲಿಕವಾಗಿ. ಗ್ರಂಥಿಯ ಬೆನ್ನಿಗೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಧಕ್ಕೆಯಾದರೆ ಕ್ಯಾಲ್ಸಿಯಂ ಇಳಿದು ಬೆರಳು, ತುಟಿ ಜುಮುಗುಡುತ್ತವೆ. ಹಾಗಾದರೆ ಕೂಡಲೇ ತಿಳಿಸಿ. ಈ ಶಸ್ತ್ರಚಿಕಿತ್ಸೆಯನ್ನು ಮೇಲಿಂದ ಮೇಲೆ ಮಾಡುವ ಕೈಗಳಲ್ಲಿ ಇಂಥ ತೊಂದರೆ ಕಡಿಮೆ. ಆದ್ದರಿಂದ ‘ನೀವು ವರ್ಷಕ್ಕೆ ಎಷ್ಟು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡುತ್ತೀರಿ?’ ಎಂದು ಸಂಕೋಚವಿಲ್ಲದೆ ಕೇಳಿ.

ಏನೂ ಬೇಡ, ನೋಡುತ್ತಿರೋಣ ಎಂದಿದ್ದಾರೆ. ಎಷ್ಟು ಕಾಲ?

ಮೊದಲ ಬಾರಿ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೆರಡು ವರ್ಷದೊಳಗೆ ಅಲ್ಟ್ರಾಸೌಂಡನ್ನು ಮತ್ತೆ ಮಾಡುತ್ತಾರೆ, ಗಂಟಿನ ರೂಪ ನೋಡಿಕೊಂಡು. ಬದಲಾವಣೆ ಇಲ್ಲದಿದ್ದರೆ ಅಂತರವನ್ನು ಹಿಗ್ಗಿಸುತ್ತಾರೆ. ಹಶಿಮೊಟೊ ಇದ್ದು ಈಗ ಹಾರ್ಮೋನು ಸರಿಯಿರುವವರು ವರ್ಷಕ್ಕೊಮ್ಮೆ ಟಿಎಸ್‌ಎಚ್ ಮಾಡಿಸಿಕೊಳ್ಳುವುದು ಒಳ್ಳೆಯದು. ಹಳೆಯ ಅಲ್ಟ್ರಾಸೌಂಡ್ ವರದಿಗಳನ್ನು ಎಸೆಯಬೇಡಿ. ಗಂಟು ಬೆಳೆದಿದೆಯೇ ಎಂದು ಹೇಳಬಲ್ಲದ್ದು ಹಿಂದಿನ ಅಳತೆಯೊಂದೇ. ವರ್ಷಕ್ಕೊಮ್ಮೆ ಒಂದೇ ಭಂಗಿಯಲ್ಲಿ, ಒಂದೇ ಬೆಳಕಿನಲ್ಲಿ ಕತ್ತಿನ ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಿಯ ಕಾಲರ್ ಬಿಗಿಯಾಗತೊಡಗಿದರೆ, ದಿಂಬು ಎತ್ತರಿಸದೆ ಮಲಗಲು ಆಗದಿದ್ದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ ತೋರಿಸಿ.